ಬಾತ್‌ರೂಮ್ ಗೋಡೆ ಮೇಲೆ ಸೌತೆಬೀಜದಂಥದ್ದು ನಡೆಯುತ್ತಿದೆ, ಏನಿದು?

ಕಾವೇರಿ_ಕತ್ತರಿಗುಪ್ಪೆ:

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯವಿಟ್ಟು ಹೇಳಿ. ಕತ್ತರಿಗುಪ್ಪೆಯಲ್ಲಿ ನೆಲಮಹಡಿಯ ಬಾಡಿಗೆ ಮನೆ ನಮ್ಮದು. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ಬಾತ್‌ರೂಮಿನ ಹೊರಗೋಡೆ ನೀರು ಕುಡಿದು ಪೇಂಟ್ ಹಪ್ಪಳದ ಹಾಗೆ ಎದ್ದಿದೆ. ಅದೇ ಗೋಡೆಗೆ ಬೂದು ಬಣ್ಣದ ಚಪ್ಪಟೆ ಚೂರುಗಳು ಅಂಟಿಕೊಂಡಿರುತ್ತವೆ. ನಡುವೆ ಅಗಲ, ಎರಡೂ ತುದಿ ಕಿರಿದು, ಸೌತೆಬೀಜಕ್ಕೆ ಧೂಳು ಮೆತ್ತಿದ ಹಾಗೆ. ಒಂದು ಸೆಂಟಿಮೀಟರ್ ಉದ್ದ ಇರಬಹುದು.

ಸುಣ್ಣ ಉದುರಿದ್ದು ಅಂದುಕೊಂಡು ಪೊರಕೆಯಲ್ಲಿ ಗುಡಿಸಿ ಹಾಕುತ್ತಿದ್ದೆ. ಮಾರನೇ ದಿನ ಮತ್ತೆ ಅಲ್ಲೇ ಇರುತ್ತಿತ್ತು. ಮೊನ್ನೆ ಹಲ್ಲುಜ್ಜುತ್ತಾ ನೋಡುತ್ತೇನೆ, ಆ ಚೂರು ನಡೆಯುತ್ತಿದೆ! ಒಂದು ತುದಿಯಿಂದ ಸಣ್ಣ ಕಂದು ತಲೆ ಹೊರಗೆ ಬಂತು, ಕಾಲು ಊರಿತು, ಹಿಂದಿನ ಚೀಲವನ್ನು ಎಳೆದುಕೊಂಡಿತು. ಬ್ರಷ್ಷಿನ ಹಿಡಿಯಿಂದ ಮುಟ್ಟಿದೆ, ತಟ್ಟನೆ ಒಳಗೆ ಹೋಯಿತು. ಎರಡು ನಿಮಿಷ ಬಿಟ್ಟು ನೋಡಿದರೆ ಈ ಸಲ ಆ ಕಡೆ ತುದಿಯಿಂದ ತಲೆ ಹೊರಗೆ! ಇದಕ್ಕೆ ಎರಡು ತಲೆಯಾ?

ಅತ್ತೆ ಇದು ನುಸಿ, ಬಟ್ಟೆ ತಿನ್ನುತ್ತದೆ, ಬೀರುವಿಗೆಲ್ಲ ನುಸಿಗುಳಿಗೆ ಹಾಕು ಅನ್ನುತ್ತಿದ್ದಾರೆ. ಹುಳ ಹೊಡೆಯುವವರನ್ನು ಕೇಳಿದರೆ ಇಡೀ ಮನೆಗೆ ಸ್ಪ್ರೇ ಮಾಡಲೇಬೇಕು ಅಂದರು. ನಾಲ್ಕು ತಿಂಗಳ ಮಗು ಇದೆ, ಅದಕ್ಕೇ ಹೆದರಿಕೆ. ಮಗುವಿನ ಟೋಪಿ, ಸ್ವೆಟರ್ ಎಲ್ಲ ಬಾತ್‌ರೂಮಿನ ಬಾಗಿಲ ಹಿಂದೆಯೇ ತೂಗುಹಾಕುತ್ತೇವೆ. ಇದು ಕಚ್ಚುತ್ತದಾ? ಏನು ಮಾಡಲಿ?

ವಿನಯ್_ವಿಜಯನಗರ:

ನಮ್ಮ ಮನೆಯಲ್ಲೂ ಇದೆ ಇದು. ಗೀಸರ್ ಕೆಳಗೆ, ಮಂಚದ ಹಿಂದೆ, ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ಹತ್ತಿರ. ಚಿಕ್ಕಂದಿನಿಂದ ನೋಡುತ್ತಿದ್ದೇನೆ, ಒಂದು ಸಲವೂ ಯಾರಿಗೂ ಕಚ್ಚಿಲ್ಲ. ಹೆಸರು ಮಾತ್ರ ಗೊತ್ತಿಲ್ಲ, ನಾವು ಧೂಳು ಹುಳ ಅನ್ನುತ್ತೇವೆ. ಇಲ್ಲಿ ಪತಂಗಗಳ ಬಗ್ಗೆ ಬರೆಯುವ ಮೇಷ್ಟ್ರು ಒಬ್ಬರಿದ್ದಾರಲ್ಲ, ಅವರು ನೋಡಿದರೆ ಹೇಳಬಹುದು.

ದೀಪದಹುಳು:

ಕರೆದಿದ್ದಕ್ಕೆ ಥ್ಯಾಂಕ್ಸ್ ವಿನಯ್. ಕಾವೇರಿ ಅವರೇ, ಮೊದಲು ಆ ಸ್ಪ್ರೇಯವರಿಗೆ ಬೇಡ ಅಂತ ಹೇಳಿಬಿಡಿ, ಆಮೇಲೆ ನಿಧಾನವಾಗಿ ಇದನ್ನು ಓದಿ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದವನು ನಾನು, ರಿಟೈರ್ ಆದ ಮೇಲೆ ಇವುಗಳ ಹಿಂದೆಯೇ ಇದ್ದೇನೆ.

ನೀವು ನೋಡಿದ್ದು ಒಂದು ಪುಟ್ಟ ಪತಂಗದ ಮರಿಹುಳು. ತಲೆ ಒಂದೇ. ಚೀಲಕ್ಕೆ ಬಾಯಿ ಎರಡು, ಎರಡೂ ಒಂದೇ ಥರ. ನಡುಭಾಗ ಅಗಲವಾಗಿದೆ ಅಂದಿರಲ್ಲ, ಅದು ಸುಮ್ನೆ ಅಲ್ಲ. ಹುಳು ಒಳಗೇ ಮಡಚಿ ತಿರುಗಿಕೊಳ್ಳುವುದು ಅಲ್ಲಿ. ಈ ಕಡೆಯಿಂದ ಯಾರೋ ಮುಟ್ಟಿದರು ಅಂದರೆ ತಿರುಗಿ ಆ ಕಡೆಯಿಂದ ಹೊರಟುಬಿಡುತ್ತದೆ. ಜಾಸ್ತಿ ತೊಂದರೆ ಕೊಟ್ಟರೆ ಚೀಲದ ಬಾಯಿಯ ಕೆಳತುಟಿಯನ್ನು ಒಳಗಿನಿಂದ ಎಳೆದು ಮೇಲ್ತುಟಿಗೆ ಒತ್ತಿ ಹಿಡಿಯುತ್ತದೆ. ಆಗ ಸೂಜಿಯಿಂದ ಬಿಡಿಸಲು ಹೋದರೂ ಸುಲಭಕ್ಕೆ ಬಿಡುವುದಿಲ್ಲ.

ಹುಳುವನ್ನು ಹೊರತೆಗೆದರೆ ಪೂರ್ತಿ ಬೆಳೆದದ್ದೂ 7 ಮಿಲಿಮೀಟರ್ ಅಷ್ಟೇ. ಮೈ ಬಿಳಿ, ತಲೆ ಕಡುಕಂದು, ತಲೆಯ ಹಿಂದಿನ ಮೂರು ಭಾಗದ ಮೇಲೆ ಗಟ್ಟಿ ಕಂದು ಪಟ್ಟಿಗಳು. ಹೊರಗೆ ಚಾಚುವುದು ಆ ಗಟ್ಟಿ ಭಾಗವನ್ನು ಮಾತ್ರ. ಮುಂದಿನ ಮೂರು ಜೊತೆ ಕಾಲಿನಲ್ಲಿ ಗೋಡೆ ಹಿಡಿಯುತ್ತದೆ, ಹೊಟ್ಟೆಯ ಕೆಳಗಿನ ಮೆತ್ತನೆ ಕಾಲುಗಳಲ್ಲಿ ಚೀಲ ಹಿಡಿಯುತ್ತದೆ. ಆ ಮೆತ್ತನೆ ಕಾಲಿನ ತುದಿಗೆ ತೀರಾ ಸಣ್ಣ ಕೊಕ್ಕೆಗಳಿವೆ, ಒಂದೊಂದು ಕಾಲಿಗೂ 23ರಿಂದ 25. ಅದಕ್ಕೇ ಗೋಡೆ ಹತ್ತುವಾಗ ಚೀಲ ಕಳಚಿ ಬೀಳುವುದಿಲ್ಲ.

ಚೀಲ ಕಟ್ಟುವ ಕ್ರಮ ನನಗೆ ಎಲ್ಲಕ್ಕಿಂತ ಇಷ್ಟ. ಮೊಟ್ಟೆಯೊಡೆದ ಹುಳು ನೆಲಕ್ಕೋ ಗೋಡೆಗೋ ಅಂಟಿದ ಹಾಗೆ ರೇಷ್ಮೆಯಲ್ಲಿ ಒಂದು ಕಮಾನು ಕಟ್ಟುತ್ತದೆ. ಎತ್ತಿನ ಗಾಡಿಗೆ ಕಮಾನು ಕಟ್ಟುತ್ತಿದ್ದರಲ್ಲ, ಹಾಗೆ. ತಾನು ಅದರ ಕೆಳಗೇ ಇದ್ದುಕೊಂಡು ಹೊರಗಡೆಗೆ ಮರಳಿನ ಕಣ, ಮಣ್ಣು, ತುಕ್ಕಿನ ಪುಡಿ, ಕೂದಲ ಚೂರು, ಸತ್ತ ಇರುವೆಯ ಕಾಲು, ಸಿಕ್ಕಿದ್ದನ್ನೆಲ್ಲ ಅಂಟಿಸುತ್ತದೆ. ಒಳಗಡೆ ಮಾತ್ರ ಬರೀ ರೇಷ್ಮೆ, ಒಂದು ಕಣ ಧೂಳೂ ಇರುವುದಿಲ್ಲ. ಕಮಾನನ್ನು ಉದ್ದ ಮಾಡುತ್ತಾ ಹೋಗಿ, ಕಡೆಗೆ ಕೆಳಗೂ ಹೊಲಿದು ಮುಚ್ಚಿದಾಗ ಅದು ನೆಲದಿಂದ ಬಿಟ್ಟುಕೊಂಡು ಕೊಳವೆಯಾಗುತ್ತದೆ. ಅಲ್ಲಿಂದ ಓಡಾಟ ಶುರು. ಪ್ರತಿ ಸಲ ಪೊರೆ ಬಿಟ್ಟಾಗಲೂ ಚೀಲವನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಆರೇಳು ಹಂತ ದಾಟುವ ಹೊತ್ತಿಗೆ ಚೀಲ 8ರಿಂದ 14 ಮಿಲಿಮೀಟರ್ ಉದ್ದ, 3ರಿಂದ 5 ಮಿಲಿಮೀಟರ್ ಅಗಲ ಆಗಿರುತ್ತದೆ.

ಹಾಗಾಗಿ ನಿಮ್ಮ ಮನೆ ಚೀಲ ನಿಮ್ಮ ಮನೆಯದೇ ಸಾಮಾನಿನಲ್ಲಿ ಕಟ್ಟಿದ್ದು. ಒಂದು ಸಲ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ನಮ್ಮ ಮನೆಯದರಲ್ಲಿ ನೀಲಿ ಪೇಂಟಿನ ಚಕ್ಕೆ, ಇಟ್ಟಿಗೆಯ ಕೆಂಪು ಪುಡಿ, ಒಂದು ಸೊಳ್ಳೆಯ ರೆಕ್ಕೆ, ನನ್ನದೇ ಇರಬೇಕು, ಒಂದು ಬಿಳಿ ಕೂದಲು ಇತ್ತು.

ತಿನ್ನುವುದು ಏನು ಅಂತ ಅಲ್ವಾ ನಿಮ್ಮ ಭಯ? ಮುಖ್ಯವಾಗಿ ಹಳೇ ಜೇಡರಬಲೆ. ಆಮೇಲೆ ಸತ್ತ ಹುಳಹುಪ್ಪಟೆ, ಉದುರಿದ ಕೂದಲು, ಉಣ್ಣೆ. ತನ್ನ ಜಾತಿಯವು ಬಿಟ್ಟುಹೋದ ಖಾಲಿ ಚೀಲವನ್ನೂ ತಿನ್ನುತ್ತದೆ. ಹತ್ತಿ ಬಟ್ಟೆ ಇಟ್ಟು ನೋಡಿದವರಿದ್ದಾರೆ, ಅದನ್ನು ಇದು ಮುಟ್ಟಿಲ್ಲ. ಮನುಷ್ಯರಿಗೆ ಕಚ್ಚುವುದಿಲ್ಲ.

ಮಾಡಬೇಕಾದ್ದು ಸುಲಭ. ಮೂಲೆಮೂಲೆಯ ಬಲೆ ವಾರಕ್ಕೊಮ್ಮೆ ತೆಗೆಯಿರಿ, ಗೋಡೆ ನೆಲಕ್ಕೆ ಸೇರುವ ಸಂದಿ ಗುಡಿಸಿ, ಓನರ್‌ಗೆ ಹೇಳಿ ಗೋಡೆಯ ನೀರು ನಿಲ್ಲಿಸಿ. ಇದಕ್ಕೆ ತೇವದ ಗಾಳಿ ಬೇಕೇ ಬೇಕು. ಉಣ್ಣೆ ಟೋಪಿಯನ್ನು ಮಾತ್ರ ಬಾಗಿಲ ಹಿಂದೆ ತಿಂಗಳುಗಟ್ಟಲೆ ಬಿಡಬೇಡಿ.

ಸಿಸ್ಟರ್_ರಾಜಾಜಿನಗರ:

ಕಾವೇರಿ, ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು, ಒಂದು ಮಾತು ಹೇಳಲೇಬೇಕು. ಅತ್ತೆಯವರಿಗೆ ಬೇಸರ ಆಗದ ಹಾಗೆ ನೀವೇ ತಿಳಿಸಿ ಹೇಳಿ, ಮಗುವಿನ ಬಟ್ಟೆ ಇಡುವ ಕಡೆ ನುಸಿಗುಳಿಗೆ ಬೇಡ. ಅದು ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥ ಮಗುವಿಗೆ ಗುಳಿಗೆ ಜೊತೆ ಇಟ್ಟ ಬಟ್ಟೆ ಹಾಕಿದರೆ, ಕಂಬಳಿ ಹೊದಿಸಿದರೆ ಕೆಂಪು ರಕ್ತಕಣ ಒಡೆದು ಜೋರು ಕಾಮಾಲೆ ಬರಬಹುದು. ಆ ಕೊರತೆ ಇದೆಯಾ ಇಲ್ಲವಾ ಅಂತ ಪರೀಕ್ಷೆ ಮಾಡಿಸದೆ ಮನೆಯವರಿಗೆ ಗೊತ್ತಾಗುವುದಿಲ್ಲ. ಈಗಾಗಲೇ ಹಾಕಿದ್ದರೆ ಬಟ್ಟೆ ಒಗೆದು ಚೆನ್ನಾಗಿ ಒಣಗಿಸಿ ಆಮೇಲೆ ಹಾಕಿ.

ಸಹನಾ_ಜೆಪಿನಗರ:

ಮೇಷ್ಟ್ರೇ, ಹತ್ತಿ ಸರಿ, ರೇಷ್ಮೆ ಕತೆ ಏನು? ಅಮ್ಮನ ಮೈಸೂರು ಸಿಲ್ಕ್ ಸೀರೆ ಮೂರು ಇದೆ ನನ್ನ ಹತ್ತಿರ, ಅಮ್ಮ ಈಗಿಲ್ಲ. ಅದರಲ್ಲಿ ಒಂದಕ್ಕೆ ಹೋದ ವರ್ಷ ಮಡಿಕೆ ಹತ್ತಿರ ಸಣ್ಣ ತೂತು ಬಿದ್ದಿತ್ತು. ಬೀರು ಇರುವ ರೂಮಿನಲ್ಲಿ ಈ ಚೀಲಗಳನ್ನೂ ನೋಡಿದ್ದೇನೆ. ಇದರದೇ ಕೆಲಸ ಇರಬಹುದಾ?

ದೀಪದಹುಳು:

ಸಹನಾ, ತೂತು ನೋಡದೆ ಹೇಳುವುದು ಕಷ್ಟಮ್ಮ. ಮಡಿಕೆಯ ಗೆರೆ ಮೇಲೆಯೇ ಇದ್ದರೆ, ಎಳೆ ಸೀಳಿದ ಹಾಗೆ ಉದ್ದಕ್ಕೆ ಇದ್ದರೆ ಅದು ಹುಳುವಿನದಲ್ಲ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟು ಎಳೆ ಮುರಿದದ್ದು. ಅಂಚು ಕೊರೆದ ಹಾಗೆ ಒರಟಾಗಿದ್ದರೆ, ಪಕ್ಕದಲ್ಲಿ ಸಣ್ಣ ಕಾಳಿನಂಥ ಹಿಕ್ಕೆಯೋ ನೂಲುಬಲೆಯೋ ಇದ್ದರೆ ಹುಳುವಿನದು. ಹಾಗಿದ್ದರೂ ಬಟ್ಟೆಗೆ ನಿಜವಾದ ಶತ್ರು ಇದರ ದಾಯಾದಿ. ಟಿನಿಯೋಲಾ ಬಿಸ್ಸೆಲಿಯೆಲ್ಲಾ ಅಂತ, ಹೊಂಬಣ್ಣದ ರೆಕ್ಕೆಯ ಸಣ್ಣ ಪತಂಗ. ಅದರ ಹುಳು ಉಣ್ಣೆ, ಗರಿ, ತುಪ್ಪಳ, ರೇಷ್ಮೆ ಎಲ್ಲ ತಿನ್ನುತ್ತದೆ, ಆದರೆ ಹೀಗೆ ಬೆನ್ನ ಮೇಲೆ ಚೀಲ ಹೊತ್ತು ತಿರುಗುವುದಿಲ್ಲ, ಬಟ್ಟೆ ಮೇಲೆಯೇ ಬಲೆ ಹೆಣೆದು ಕೂರುತ್ತದೆ. ಎರಡೂ ಟಿನಿಯಿಡೇ ಅನ್ನುವ ಒಂದೇ ಕುಟುಂಬದವು.

ನಮ್ಮ ಗೋಡೆಯದು ಜೇಡರ ರೇಷ್ಮೆ ತಿನ್ನುವುದರಿಂದ ಸೀರೆಗೆ ಏನೂ ಆಗುವುದಿಲ್ಲ ಅಂತ ನಾನು ಬರೆದುಕೊಡುವುದಿಲ್ಲ. ಅಮ್ಮನ ಸೀರೆ ಅಲ್ವಾ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಮಳೆಗಾಲ ಮುಗಿದ ಮೇಲೆ ಒಂದು ಸಲ, ಯುಗಾದಿಗೆ ಮುಂಚೆ ಒಂದು ಸಲ ತೆಗೆದು ನೆರಳಲ್ಲಿ ಗಾಳಿಯಾಡಿಸಿ ಮಡಿಕೆ ಬದಲಿಸಿ. ಉಟ್ಟ ಸೀರೆಯನ್ನು ಬೆವರಿನ ಸಮೇತ ಒಳಗಿಡಬೇಡಿ, ಹುಳುಗಳಿಗೆ ಆ ಬೆವರು ಎಣ್ಣೆಯ ಜಾಗವೇ ಮೊದಲು ಬೇಕು.

ನಾಗರಾಜ_ಹಾಸನದವ:

ಒಂದು ಅನುಮಾನ. ನಮ್ಮೂರ ಕಡೆ ಜಾಲಿ ಮರದಲ್ಲಿ ಕಡ್ಡಿ ಕಟ್ಟು ಕಟ್ಟಿದ ಹಾಗೆ ಚೀಲ ನೇತಾಡುತ್ತಿರುತ್ತದೆ, ಒಳಗೆ ಹುಳ. ಈಗ ಯಲಹಂಕದಲ್ಲಿ ನಮ್ಮ ಲೇಔಟಿನ ಮರದಲ್ಲೂ ಕಂಡೆ. ಅದೇನಾ ಮನೆಯೊಳಗೆ ಬರೋದು?

ದೀಪದಹುಳು:

ಅಲ್ಲ ನಾಗರಾಜ್. ಅದು ಸೈಕಿಡೇ ಕುಟುಂಬ, ಅದರ ಹುಳು ಎಲೆ ತಿನ್ನುತ್ತದೆ. ಕಡ್ಡಿ ಚೀಲದ ಹೆಣ್ಣಿಗೆ ರೆಕ್ಕೆಯೇ ಇರುವುದಿಲ್ಲ, ಚೀಲ ಬಿಟ್ಟು ಹೊರಗೆ ಬರುವುದೂ ಇಲ್ಲ, ಗಂಡು ಹಾರಿ ಬರಬೇಕು. ಗೋಡೆ ಚೀಲದ್ದು ಹೆಣ್ಣಿಗೂ ರೆಕ್ಕೆ ಇದೆ, ಹಾರುತ್ತದೆ. ಚೀಲ ಕಟ್ಟುವ ಬುದ್ಧಿ ಎರಡಕ್ಕೂ ಇದೆ ಅಷ್ಟೇ.

ವಿನಯ್_ವಿಜಯನಗರ:

ಹಾಗಾದರೆ ಪತಂಗ ಆದ ಮೇಲೆ ಹೇಗಿರುತ್ತದೆ ಮೇಷ್ಟ್ರೇ? ಚೀಲ ಇಷ್ಟು ನೋಡಿದ್ದೇನೆ, ಪತಂಗ ಒಂದು ದಿನವೂ ನೋಡಿಲ್ಲ. ಹೆಸರೇನು, ನಮ್ಮಲ್ಲಿ ಮಾತ್ರ ಇರುವುದಾ?

ದೀಪದಹುಳು:

ನೋಡಿರುತ್ತೀರಿ, ಗಮನಿಸಿರುವುದಿಲ್ಲ. ಹೆಣ್ಣು ರೆಕ್ಕೆ ಬಿಚ್ಚಿದರೆ 10ರಿಂದ 13 ಮಿಲಿಮೀಟರ್, ಗಂಡು ಇನ್ನೂ ಸಣ್ಣದು, 7ರಿಂದ 9. ಬೂದು ಬಣ್ಣ, ಮುಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆಗಳು, ಒಟ್ಟು ನಾಲ್ಕರ ತನಕ. ಗಂಡಿನಲ್ಲಿ ಚುಕ್ಕೆ ಅಷ್ಟು ಎದ್ದು ಕಾಣುವುದಿಲ್ಲ. ಹಿಂದಿನ ರೆಕ್ಕೆಯ ಅಂಚಿಗೆ ಉದ್ದ ಕೂದಲಿನ ಕುಚ್ಚು. ಕೂತಾಗ ರೆಕ್ಕೆಯನ್ನು ಮೈಗೆ ಒತ್ತಿ ಗುಡಾರದ ಹಾಗೆ ಮಡಚಿಕೊಂಡಿರುತ್ತದೆ. ಹಾರಲು ಬರುತ್ತದೆ, ಆದರೂ ಹೆಚ್ಚು ಹೊತ್ತು ಗೋಡೆ ಮೇಲೆ, ನೆಲದ ಅಂಚಿನಲ್ಲಿ, ಕೆಲವು ಸಲ ಮನೆಜೇಡದ ಬಲೆಯ ಮೇಲೆಯೇ ಕೂತಿರುತ್ತದೆ.

ಹೆಸರು ಫೆರಿಯೀಕಾ. ಗ್ರೀಕ್ ಮಾತು, ಮನೆ ಹೊತ್ತು ತಿರುಗುವುದು ಅಂತ ಅರ್ಥ. ಅದಕ್ಕಿಂತ ಒಳ್ಳೇ ಹೆಸರು ನನಗೂ ಹೊಳೆಯುವುದಿಲ್ಲ. ಇದರಲ್ಲಿ ಫೆರಿಯೀಕಾ ಅಲ್ಯುಟೆಲ್ಲಾ ಅನ್ನುವ ಜಾತಿಯನ್ನು 1892ರಲ್ಲಿ ವಿಯೆನ್ನಾದ ಹಾನ್ಸ್ ರೆಬೆಲ್ ಹೆಸರಿಸಿದ. ಕ್ಯಾನರಿ ದ್ವೀಪ, ಮಡೈರಾ, ಸಿಯೆರಾ ಲಿಯೋನ್, ಸೇಶೆಲ್ಸ್, ಶ್ರೀಲಂಕಾ, ನಮ್ಮ ಭಾರತ, ಜಾವಾ, ಸಮೋವಾ, ಇಷ್ಟು ಕಡೆಯಿಂದ ಅದರ ದಾಖಲೆ ಇದೆ. 1979ರಲ್ಲಿ ಆನೆಟ್ ಅಯೆಲ್ಲೊ ಎಂಬ ವಿಜ್ಞಾನಿ ಪನಾಮಾದಲ್ಲಿ ಇದರ ಬದುಕನ್ನೇ ವಿವರವಾಗಿ ಬರೆದಿಟ್ಟರು. ಇನ್ನೊಂದು ಫೆರಿಯೀಕಾ ಯುಟೆರೆಲ್ಲಾ, 1897ರಲ್ಲಿ ಲಾರ್ಡ್ ವಾಲ್ಸಿಂಗ್ಹ್ಯಾಮ್ ಹೆಸರಿಟ್ಟದ್ದು. ಅದು ಅಮೆರಿಕದ ಫ್ಲೋರಿಡಾ, ಲೂಯಿಸಿಯಾನಾ, ಮಿಸ್ಸಿಸಿಪ್ಪಿಯಿಂದ ಗಯಾನಾ, ಬ್ರೆಜಿಲ್ ತನಕ ಇದೆ. ಬರೀ ಚೀಲದ ಫೋಟೋ ನೋಡಿ ಇದು ಇಂಥದ್ದೇ ಅಂತ ಜಾತಿ ಹೇಳುವುದು ಸರಿಯಲ್ಲ. ಇಷ್ಟು ಸಣ್ಣ ಪತಂಗಗಳಲ್ಲಿ ಅದಕ್ಕೆ ರೆಕ್ಕೆ ಬಂದ ಪತಂಗವನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಬೇಕು.

ಸೆಕೆ ಮತ್ತು ತೇವ ಎರಡೂ ಇರುವ ಊರುಗಳು ಇದರ ಊರು. ಬೆಂಗಳೂರು ಮಂಗಳೂರಿನಷ್ಟು ತೇವ ಅಲ್ಲ, ಆದರೆ ಬಿಸಿಲು ಕಾಣದ ನೆಲಮಹಡಿಯ ಬಾತ್‌ರೂಮ್ ಅದಕ್ಕೆ ಸಾಕು. ನಮ್ಮ ಮನೆಯಲ್ಲಿ ಮಾರ್ಚ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ, ಆಗಸ್ಟ್‌ನಲ್ಲಿ ಲೆಕ್ಕ ಇಡುವಷ್ಟು ಸಿಗುತ್ತವೆ.

ಜೀವನದ ಲೆಕ್ಕ ಯುಟೆರೆಲ್ಲಾದ್ದು ಚೆನ್ನಾಗಿ ಸಿಗುತ್ತದೆ. ಹೆಣ್ಣು ಗೋಡೆ ನೆಲ ಸೇರುವ ಸಂದಿಯಲ್ಲಿ ಕಸಕ್ಕೆ ಅಂಟಿಸಿ ಮೊಟ್ಟೆ ಇಡುತ್ತದೆ. ತಿಳಿನೀಲಿ ಬಣ್ಣ, ಅರ್ಧ ಮಿಲಿಮೀಟರ್ ಕೂಡ ಇಲ್ಲ. ಒಂದು ವಾರದಲ್ಲಿ 200ರ ತನಕ ಇಟ್ಟು ಸತ್ತುಹೋಗುತ್ತದೆ. ಹತ್ತು ದಿನದೊಳಗೆ ಮೊಟ್ಟೆ ಒಡೆಯುತ್ತದೆ, ಹುಳುವಾಗಿ ಸುಮಾರು 50 ದಿನ, ಕೋಶದಲ್ಲಿ ಸುಮಾರು 16 ದಿನ. ಎಲ್ಲ ಸೇರಿ ಸರಾಸರಿ 74 ದಿನ. ಇಷ್ಟು ಮೊಟ್ಟೆ ಇಟ್ಟರೂ ಮನೆ ತುಂಬಾ ಇವೇ ಆಗಿಬಿಡುವುದಿಲ್ಲ. ಅಪಾಂಟಿಲೆಸ್ ಅನ್ನುವ ಸಣ್ಣ ಕಣಜ ಒಂದಿದೆ, ಅದರ ಮರಿ ಈ ಹುಳುವನ್ನೇ ತಿಂದು ಬೆಳೆಯುತ್ತದೆ. ಹಲ್ಲಿಯಂತೂ ಪತಂಗ ಕಂಡರೆ ಬಿಡುವುದಿಲ್ಲ.

ಕಾವೇರಿ ಅವರೇ, ಒಂದು ಕೆಲಸ ಮಾಡುತ್ತೀರಾ? ನಡೆಯದೆ ಒಂದೇ ಕಡೆ ಗೋಡೆಗೆ ಎರಡೂ ತುದಿ ಹೊಲಿದ ಹಾಗೆ ಅಂಟಿದ ಚೀಲ ಇದ್ದರೆ ಅದನ್ನು ಕೀಳಬೇಡಿ. ಹುಳು ಕೋಶ ಆಗಲು ಗೋಡೆ ಹತ್ತಿ ನಿಂತಿರುತ್ತದೆ. ಚೀಲದ ಒಂದು ತುದಿಯ ಎರಡೂ ಅಂಚನ್ನು ಹುಳು ಸ್ವಲ್ಪ ಕತ್ತರಿಸಿಕೊಂಡಿರುತ್ತದೆ, ಒಳಗಿಂದ ತಳ್ಳಿದರೆ ಮಾತ್ರ ತೆರೆಯುವ ಬಾಗಿಲ ಹಾಗೆ. ಅದರ ಮೇಲೆ ಪಾರದರ್ಶಕ ಡಬ್ಬಿ ಮುಚ್ಚಳ ಟೇಪಿನಲ್ಲಿ ಅಂಟಿಸಿ, ಗಾಳಿಗೆ ಸಂದಿ ಬಿಡಿ. ಮಧ್ಯಾಹ್ನದ ಹೊತ್ತಿಗೆ ನೋಡುತ್ತಿರಿ, ಹೊರಗೆ ಬರುವುದು ಹೆಚ್ಚಾಗಿ ಆಗಲೇ.

ಕಾವೇರಿ_ಕತ್ತರಿಗುಪ್ಪೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ದಿನ ಬರೆಯಲಿಲ್ಲ, ಕಾಯುತ್ತಿದ್ದೆ. ಸ್ಪ್ರೇ ಬೇಡ ಅಂದೆವು. ಸಿಸ್ಟರ್ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ, ಅವರೇ ಎದ್ದು ಬೀರುವಿನಿಂದ ಗುಳಿಗೆ ಎಲ್ಲ ತೆಗೆದು ಹೊರಗೆ ಹಾಕಿದರು.

ವೆಂಟಿಲೇಟರ್ ಕೆಳಗೆ ಮೇಷ್ಟ್ರು ಹೇಳಿದಂಥದ್ದೇ ಒಂದು ಸಿಕ್ಕಿತು. ಮಿಠಾಯಿ ಡಬ್ಬಿಯ ಮುಚ್ಚಳ ಅಂಟಿಸಿದೆ. ಹದಿನಾಲ್ಕನೇ ದಿನ ಮಗುವನ್ನು ಮಲಗಿಸಿ ಬಂದು ನೋಡಿದಾಗ ಹನ್ನೆರಡೂ ಮುಕ್ಕಾಲು. ಚೀಲದ ತುದಿಯಿಂದ ಕಂದು ಬಣ್ಣದ ಪೊರೆ ಅರ್ಧ ಹೊರಗೆ ನಿಂತಿತ್ತು, ಈರುಳ್ಳಿ ಸಿಪ್ಪೆಗಿಂತ ತೆಳು, ಒಳಗೆ ಏನೂ ಇಲ್ಲ. ಒಂದು ಬೆರಳು ಮೇಲೆ ಪತಂಗ ಕೂತಿತ್ತು. ಬೂದಿ ಬಣ್ಣ, ಎಡ ರೆಕ್ಕೆಯಲ್ಲಿ ಮೂರು ಚುಕ್ಕೆ ಎಣಿಸಿದೆ. ಅತ್ತೆಯನ್ನು ಕರೆದೆ, ಅವರು ಕನ್ನಡಕ ಹಾಕಿಕೊಂಡು ಬಂದು ತುಂಬಾ ಹೊತ್ತು ನೋಡಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಮುಚ್ಚಳದೊಳಗೆ ಓಡಾಡಲು ಶುರು ಮಾಡಿತು. ಟೇಪ್ ಬಿಚ್ಚಿದೆ, ವೆಂಟಿಲೇಟರ್ ಕಡೆ ಹೋಯಿತು.

ಗಾರೆಯವರು ಸೋಮವಾರ ಬರುತ್ತಾರಂತೆ, ಬಲೆ ಎಲ್ಲ ತೆಗೆದಾಗಿದೆ. ಆ ಖಾಲಿ ಚೀಲವನ್ನು ಮಾತ್ರ ಗೋಡೆಯಿಂದ ಬಿಡಿಸಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ ಮೇಷ್ಟ್ರೇ. ಗೋಡೆಯ ಕೆನೆಬಣ್ಣದ ಪೇಂಟ್ ಇದೆ, ನನ್ನ ಕೂದಲು ಇದೆ, ಒಂದು ಬದಿಯಲ್ಲಿ ಹಸಿರು ಉಣ್ಣೆಯ ಸಣ್ಣ ಎಳೆ. ಹಸಿರು ಉಣ್ಣೆ ಮನೆಯಲ್ಲಿ ಒಂದೇ ಕಡೆ ಇರುವುದು, ಅತ್ತೆ ಹೆಣೆದ ಮಗುವಿನ ಟೋಪಿಯಲ್ಲಿ. ತೆಗೆದು ನೋಡಿದರೆ ಕಿವಿಯ ಹತ್ತಿರ ಎಳ್ಳಿನಷ್ಟು ತೂತು. ಅತ್ತೆ ಏನೂ ಅನ್ನಲಿಲ್ಲ, ಉಳಿದ ನೂಲಿನ ಉಂಡೆ ಹುಡುಕಿ ತಂದು ಅಲ್ಲೇ ಕೂತು ಹೊಲಿದರು.